ತಣ್ಣೀರಿನಲ್ಲಿ ಕಲೆಸಿದ ರೊಟ್ಟಿ

ಖಡಕಿಯ ಕಾರ್ಖಾನೆಗಳ ಪಕ್ಕದ ನನ್ನ ಖಾನಾವಳಿಗೆ ಒಂದು ಮಧ್ಯಾಹ್ನ ಒಬ್ಬ ಹುಡುಗಿ ಇಂಡಕ್ಷನ್ ಒಲೆ ಹೊತ್ತು ಬಂದಳು. ಪೆಟ್ರೋಲು, ಡೀಸೆಲ್, ಗ್ಯಾಸಿನ ಮೇಲೆ ಶುಲ್ಕ ಏರಿಸಿ, ಆ ಹಣದಲ್ಲಿ ರಾಜ್ಯದ ಹವಾಮಾನ ಯೋಜನೆ ನಡೆಸುವ ಮಾತಿದೆಯಂತೆ. ನಮ್ಮಂಥವರಿಗೆ ಇಂಥ ಒಲೆ ಕೊಡುವುದೂ ಅದರಲ್ಲೊಂದು. ಅದು ನಮ್ಮ ಅಡುಗೆಗೆ ಆಗುತ್ತದೋ ಇಲ್ಲವೋ ನೋಡಿ ವರದಿ ಬರೆಯುವುದು ಈ ಹುಡುಗಿಯ ಕೆಲಸ.

"ಅಂದ್ರ ನನ್ನ ಸಿಲಿಂಡರಿಗೆ ಹೆಚ್ಚು ವಸೂಲಿ ಮಾಡಿ, ನನಗ ಒಲಿ ಕೊಡ್ತೀರೇನು?"

"ಹೌದ್ರಿ ಅಜ್ಜಿ," ಎಂದು ನಕ್ಕಳು. ನನ್ನಂತೆ ವಿಜಯಪುರದ ಕಡೆಯವಳೇ. "ಇದರ ಮ್ಯಾಲ ಜ್ವಾಳದ ರೊಟ್ಟಿ ಉಬ್ಬಿದ್ರ ಮಾತ್ರ. ಇಲ್ಲಾಂದ್ರ ಆಗೂದಿಲ್ಲಂತ ಬರೀತೀನಿ."

ಗ್ಯಾಸು ತುಟ್ಟಿಯಾದರೆ ನಾನು ಊಟದ ದರ ಏರಿಸಬೇಕು. ಕಾರ್ಖಾನೆಯ ಗಿರಾಕಿಗಳು ಒಂದು ಹೊತ್ತಿನ ಊಟ ಬಿಡುತ್ತಾರೆ. ಒಲೆ ಕೆಲಸಕ್ಕೆ ಬಾರದೆಂದಾದರೆ ಶುಲ್ಕದ ಮಾತೂ ನಿಂತೀತು, 'ಆಗೂದಿಲ್ಲ' ಎಂದೇ ಬರೆಯಲಿ ಎಂದುಕೊಂಡು, ಕುದಿನೀರು ಪಕ್ಕದಲ್ಲೇ ಇದ್ದರೂ ತಣ್ಣೀರಿನಲ್ಲಿ ಹಿಟ್ಟು ಕಲೆಸಿದೆ. ಹಾಗೆ ಮಾಡಿದರೆ ರೊಟ್ಟಿ ಬಡಿಯುವಾಗಲೇ ಬಿರಿಯುತ್ತದೆ, ಉಬ್ಬುವುದಿಲ್ಲ.

ಆದರೆ ಕೈ ನನ್ನ ಮಾತು ಕೇಳಲಿಲ್ಲ. ಐವತ್ತು ವರ್ಷದ ರೂಢಿ. ಹಿಟ್ಟು ಹದಕ್ಕೆ ಬರುವ ತನಕ ನಾದುತ್ತಲೇ ಇತ್ತು. ರೊಟ್ಟಿಯನ್ನು ಹಂಚಿನ ಮೇಲೆ ಮಗುಚಿ ಬಟ್ಟೆಯಿಂದ ಒತ್ತಿದೆ. ಬುಗ್ಗೆಂದು ಉಬ್ಬಿತು!

"ಭಾಳ ಚಂದ ಆತ್ರಿ ಅಜ್ಜಿ," ಎಂದಳು ಹುಡುಗಿ. "ತಣ್ಣೀರಾಗ ಕಲಸಿದ್ರೂ ಉಬ್ಬತದ ಅಂತ ಬರೀಲೇನ್ರಿ? ನಮ್ಮವ್ವ ಕುದಿನೀರಾಗ ಕಲಸ್ತಾಳ."

ನನಗೆ ಮುಖ ಎಲ್ಲಿಡಲಿ ಎನ್ನಿಸಿತು. "ಬರಿ ತಂಗಿ. ಶುಲ್ಕಕ್ಕ ಈ ಮುದುಕಿ ಒಪ್ಪಿಗಿ ಇಲ್ಲಂತನೂ ಬರಿ," ಎಂದೆ. ಅವಳು ಎರಡನ್ನೂ ಬರೆದುಕೊಂಡಳು.

ಹವೆ ಕೆಟ್ಟಿರುವುದು ನನಗೂ ಗೊತ್ತು. ಅದನ್ನು ಸುಧಾರಿಸುವ ಭಾರ ಗಿರಾಕಿಗಳ ತಟ್ಟೆಯ ಮೇಲೆ ಬೀಳಬಾರದು ಎಂಬ ನನ್ನ ತಕರಾರೂ ನ್ಯಾಯವಾದದ್ದೇ. ಆದರೆ ನ್ಯಾಯವಾದ ತಕರಾರಿಗೆ ಸುಳ್ಳು ಸಾಕ್ಷಿ ತಯಾರಿಸಲು ಹೋಗಬಾರದು, ಅದರಲ್ಲೂ ರೊಟ್ಟಿ ತಿಂದು ಬೆಳೆದ ಹುಡುಗಿಯ ಮುಂದೆ.