ಅಡತಿಯಲ್ಲಿ ಹಬ್ಬಿದ ಮೊಣಕಾಲು ನೋವು

ಮಿತ್ರರೇ, ವೈದ್ಯಲೋಕ ಇನ್ನೂ ಅರಿಯದ ಸಾಂಕ್ರಾಮಿಕ ರೋಗವೊಂದನ್ನು ಇಂದು ಹುಮನಾಬಾದಿನ ಕಾಳು ಮಾರಾಟದ ಅಡತಿ ಅಂಗಡಿಯಲ್ಲಿ ಕಣ್ಣಾರೆ ಕಂಡೆ. ಮುದಿ ಹಮಾಲ ಕಾಸೀಮ ಚಾಚಾನ ಮೊಣಕಾಲು ಬಾತಿತ್ತು. ತೊಗರಿ ಚೀಲ ಬೆನ್ನಿಗೇರಲಿಲ್ಲ.

“ನಾಳಿಂದ ಮನ್ಯಾಗ ಇರು ಚಾಚಾ,” ಎಂದರು ಸಾವ್ಕಾರರು.

ಹಮಾಲರ ಸಂಘದ ಉಳಿದ ಹನ್ನೆರಡು ಮಂದಿಯೂ ಹೊತ್ತ ಚೀಲ ಇಳಿಸಿ ಕುಳಿತುಬಿಟ್ಟರು.

“ನಮ್ಮವೂ ಮೊಣಕಾಲು ನೋಯಾಕತ್ತಾವ್ರಿ.”

“ಎಲ್ಲಾರ್ವೂ ಒಮ್ಮಿಗೇ?”

“ಸಂಘ ಅದ ಅಲ್ರೀ ಸಾವ್ಕಾರ್ರ, ಹಂಚ್ಕೊಂಡೇವಿ.”

ಹೊರಗೆ ಲಾರಿಯವನು ಹಾರ್ನ್ ಬಾರಿಸುತ್ತಲೇ ಇದ್ದ. ಸಾವ್ಕಾರರು ಸೋತು, ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಚಾಚಾನನ್ನು ಕೂರಿಸಿದರು. ಹನ್ನೆರಡು ಮಂದಿಯ ನೋವೂ ತಕ್ಷಣ ವಾಸಿಯಾಯಿತು.

ಚಾಚಾ ಹೊಲಿದ ಮೊದಲ ಚೀಲ ಲಾರಿಯವರೆಗೂ ತೊಗರಿ ಸುರಿಸುತ್ತ ಹೋಯಿತು. ಸಂಘದ ಒಬ್ಬನಿಗೂ ಅದು ಕಾಣಲಿಲ್ಲ. ಸದಸ್ಯನಲ್ಲದ ನನಗೂ ಕಾಣಲಿಲ್ಲ.