ಸೀಡಿಗೆ ಇಟ್ಟ ಬೊಟ್ಟು

ಅಮ್ಮನ ದನಿ ಉಳಿದದ್ದು ಒಂದೇ ಒಂದು ಸೀಡಿಯಲ್ಲಿ. ಅವಳು ತೀರಿಕೊಳ್ಳುವ ಹಿಂದಿನ ವರ್ಷ ಸ್ನೇಹಿತನ ಕಂಪ್ಯೂಟರ್ ತಂದು ನಾನೇ ಮಾಡಿದ್ದು. ಮದುವೆಮನೆಗಳಲ್ಲಿ ಅವಳು ಹೇಳುತ್ತಿದ್ದ ಉದ್ದುದ್ದದ ಏಳು ಹಸೆಹಾಡುಗಳು. ಕೊನೆಯದು ಮುಗಿದ ಮೇಲೆ ನನ್ನತ್ತ ತಿರುಗಿ, "ಆಯ್ತಾ ಮಗ? ಇನ್ನು ಊಟಕ್ಕೆ ಏಳು" ಅಂದದ್ದೂ ಅದರಲ್ಲಿ ಸೇರಿಹೋಗಿತ್ತು. ಹಾಡಿಗಿಂತ ನನಗೆ ಆ ಮಾತೇ ಬೇಕು.

ಕಳೆದ ವರ್ಷ ನಮ್ಮ ಹಳೆಯ ಪ್ಲೇಯರ್ ಏಳನೇ ಹಾಡಿನಲ್ಲಿ ಮುಗ್ಗರಿಸತೊಡಗಿತು. ದೋಷ ಪ್ಲೇಯರಿನದ್ದೇ ಎಂದು ತೀರ್ಮಾನಿಸಿದೆ; ಸೀಡಿಯದ್ದಿರಬಹುದು ಎಂದು ಯೋಚಿಸುವ ಧೈರ್ಯ ಇರಲಿಲ್ಲ. ಹೊಸದು ಕೊಳ್ಳಹೊರಟರೆ ಅಲ್ಲೂ ಇಬ್ಬಂದಿ. ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ ಪ್ಲೇಯರೋ, ಸೀಡಿ ಓದುವುದಕ್ಕೊಂದು, ಓದಿದ್ದನ್ನು ದನಿಯಾಗಿಸುವುದಕ್ಕೊಂದು ಎಂದು ಎರಡು ಪೆಟ್ಟಿಗೆಗಳೋ? ಎರಡಾದರೆ ದನಿ ಇನ್ನೂ ತಿಳಿಯಾಗಿ ಕೇಳುತ್ತದಂತೆ. ಆದರೆ ಮನೆಯಲ್ಲಿ ಮಾಡಿದ ಸೀಡಿಯನ್ನು ಅಂಥ ಕೆಲವು ಪೆಟ್ಟಿಗೆಗಳು ಮುಟ್ಟುವುದೇ ಇಲ್ಲವಂತೆ. ವಿಮೆ ಕಚೇರಿಯಲ್ಲಿ ಮೂವತ್ತು ವರ್ಷ ಊರವರ ಅಪಾಯಗಳನ್ನು ಅಳೆದವನಿಗೆ ಒಂದು ತಿಂಗಳು ಅನ್ನ ಸೇರಲಿಲ್ಲ.

"ನಾಲ್ಕು ಹಾಡು ಕೇಳ್ಲಿಕ್ಕೆ ಎರಡು ಪೆಟ್ಟಿಗೆ ಎಂತಕ್ಕೆ ಮಾರಾಯ್ರೆ? ಒಂದು ತೆಕ್ಕೊಂಡು ಬನ್ನಿ," ಎಂದಳು ಹೆಂಡತಿ. "ಇಲ್ಲಾಂದ್ರೆ ನಿಮ್ಮ ಬಿಪಿ ಮಾತ್ರೆಗೆ ಮೂರನೇ ಪೆಟ್ಟಿಗೆ ಬೇಕಾದೀತು."

ಸೀಡಿಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಮೆಟ್ರೋ ಹತ್ತಿದೆ. ಸಂಕಟ ಬಂದಾಗ ವೆಂಕಟರಮಣ. ಎಗ್ಮೋರಿನಿಂದ ಅಣ್ಣಾ ನಗರದವರೆಗೂ ಮನಸ್ಸಿನಲ್ಲೇ ಹರಕೆ ಹೊತ್ತೆ. ಅಲ್ಲಿನ ಪ್ಲೇಯರ್ ಅಂಗಡಿಯ ಯಜಮಾನರು ಸೀಡಿಯನ್ನು ಮೊದಲು ಒಂಟಿ ಪೆಟ್ಟಿಗೆಯಲ್ಲಿ ಹಾಕಿದರು. ಏಳನೇ ಹಾಡಿನಲ್ಲಿ ನಿಂತಿತು. ಜೋಡಿ ಪೆಟ್ಟಿಗೆಯಲ್ಲಿ ಹಾಕಿದರು. ಅಲ್ಲೇ ನಿಂತಿತು. ಅವರು ಸೀಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದರು. ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳ ಹಾಗೆ ಬೆಳಕು ಕಂಡಿತು, ಅವುಗಳ ಸುತ್ತ ಮಾಸಿದ ಕೆಂಪು.

"ಪೊಟ್ಟು ವಚ್ಚೀಂಗಳಾ, ಸಾರ್?" ಎಂದರು.

ಹೌದು, ಬೊಟ್ಟು ಇಟ್ಟಿದ್ದೆ. ಪ್ರತಿ ಆಯುಧಪೂಜೆಗೂ. ನಮಗಾಗಿ ದುಡಿಯುವುದಕ್ಕೆಲ್ಲ ವರ್ಷಕ್ಕೊಂದು ಬೊಟ್ಟು ಬೀಳಬೇಕು ಎಂಬುದು ಅಮ್ಮನದೇ ಕಟ್ಟಳೆ. ಮಿಕ್ಸಿ, ಸ್ಕೂಟರು, ಇಸ್ತ್ರಿಪೆಟ್ಟಿಗೆ ಆದ ಮೇಲೆ ಅವಳ ಸೀಡಿಗೂ ಗಂಧ, ಕುಂಕುಮ. ಕೆಳಗಿನ ಹೊಳೆಯುವ ಮೈಗೆ ಬೆರಳೂ ತಾಗಿಸುತ್ತಿರಲಿಲ್ಲ. ಮೇಲ್ಗಡೆ, ಬರೆದ ಅಕ್ಷರ ಅಳಿಯಬಾರದೆಂದು ಅಂಚಿಗೇ ಇಡುತ್ತಿದ್ದೆ, ಮರುದಿನ ಒದ್ದೆ ಬಟ್ಟೆಯಲ್ಲಿ ಉಜ್ಜಿ ಒರೆಸುತ್ತಿದ್ದೆ. ಇಂಥ ಸೀಡಿಯಲ್ಲಿ ದನಿ ಇರುವುದು ಆ ಮೇಲ್ಮೈಯ ತೆಳು ಪದರದ ಅಡಿಯಲ್ಲೇ, ಹಾಡುಗಳು ನಡುವಿನಿಂದ ಅಂಚಿಗೆ ಸಾಗುತ್ತವೆ ಎಂದು ಅವರು ತಮಿಳಿನಲ್ಲಿ ಮೆಲ್ಲನೆ ವಿವರಿಸಿದರು. ಭಕ್ತಿಯಿಂದ ನಾನೇ ಅಮ್ಮನ ಮಾತನ್ನು ಒರೆಸುತ್ತ ಬಂದಿದ್ದೆ.

ಅವರು ಅದನ್ನು ಕಂಪ್ಯೂಟರಿಗೆ ಹಾಕಿ, ಮತ್ತೆ ಮತ್ತೆ ಓದಿಸಿ, ಸಿಕ್ಕಷ್ಟನ್ನು ಹೊಸ ಸೀಡಿಗೆ ಇಳಿಸಿಕೊಟ್ಟರು. ನಾನು ಒಂಟಿ ಪೆಟ್ಟಿಗೆಯನ್ನೇ ತಂದೆ. ಇನ್ನು ತಿಳಿಯಾದ ದನಿ ಯಾವುದಕ್ಕೆ?

ಈ ವರ್ಷ ಪೂಜೆಯ ದಿನ ಹೆಂಡತಿ ಕುಂಕುಮದ ಬಟ್ಟಲು ಹಿಡಿದಳು. ಪ್ಲೇಯರಿನ ಹೊರಮೈಗೆ ಮಾತ್ರ ಒಂದು ಬೊಟ್ಟು ಇಟ್ಟೆ. ಆಮೇಲೆ ಕೊನೆಯ ಹಾಡು ಹಾಕಿದೆ. ನಡುನಡುವೆ ಹರಿದುಹೋದ ಹಾಡು, ಅದರ ಕೊನೆಗೆ "ಆಯ್ತಾ ಮಗ?" ಅಷ್ಟೇ, ಮುಂದೆ ಕಟಕಟ ಸದ್ದು. ಉಳಿದ ಮಾತು ನನಗೆ ಬಾಯಿಪಾಠ. ಆದರೆ ಈಗೀಗ ಅದು ಮನಸ್ಸಿನೊಳಗೆ ನನ್ನ ದನಿಯಲ್ಲೇ ಕೇಳಿಸುತ್ತದೆ.