ಅವ್ವನ ಪರದೆ

ಅಣ್ಣನ ಬಲಗೈಯ ನಡುಬೆರಳಿನ ಹಿಂಬದಿಯಲ್ಲಿ ಯಾವಾಗಲೂ ಸುಟ್ಟ ಕಲೆಗಳಿರುತ್ತಿದ್ದವು. ರೇಡಿಯೋ, ಕಂಪ್ಯೂಟರುಗಳೊಳಗಿನ ಕಪ್ಪು ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ಅವರು ಆ ಬೆರಳಿನ ಬೆನ್ನಿನಿಂದಲೇ ಮುಟ್ಟಿ ನೋಡುತ್ತಿದ್ದರು, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವಂತೆ. ವಿಪರೀತ ಬಿಸಿಯಾದದ್ದು ಕೆಟ್ಟಿದೆ ಎಂದು ಲೆಕ್ಕ. ಮೀಟರು ಇರಲಿಲ್ಲವೆಂದಲ್ಲ. "ಮೀಟರ್ ಸುಳ್ಳ ಹೇಳೂದಿಲ್ಲ ತಂಗಿ. ಆದ್ರ ಕೇಳಿದ್ದಷ್ಟ ಹೇಳತದ," ಎನ್ನುತ್ತಿದ್ದರು.

ಎಂಬತ್ತರ ದಶಕದಲ್ಲಿ ಮರಾಠಿ ಸೀಮೆಯ ನಿಗಡಿಯಲ್ಲಿ ನಾವು ಕೆಳಗೆ, ಅವರು ಮೇಲಿನ ಮನೆಯಲ್ಲಿ. ವಿಜಾಪುರ ಕಡೆಯವರು, ಮದುವೆಯಾಗಿರಲಿಲ್ಲ, ರೇಡಿಯೋ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲು ಪರೀಕ್ಷಿಸುವ ಕೆಲಸ. ನಾನು ಅಣ್ಣ ಎನ್ನುತ್ತಿದ್ದೆ. ಮನೆಯಲ್ಲಿ ಅವರು ಮತ್ತು ಅವರ ಅವ್ವ, ಇಬ್ಬರೇ. ಅವ್ವ ತಲೆ ನರೆತ ಮೇಲೆ ಅಕ್ಷರ ಕಲಿತವರು. ಹುಬ್ಬಳ್ಳಿಯಿಂದ ರೈಲಿನಲ್ಲಿ ಒಂದು ದಿನ ತಡವಾಗಿ ಬರುವ ಪತ್ರಿಕೆಯನ್ನು ಜಾಹೀರಾತು ಸಹಿತ ಓದಿ ಮುಗಿಸದೆ ಊಟಕ್ಕೆ ಏಳುತ್ತಿರಲಿಲ್ಲ. ಅಂಥವರ ಕಣ್ಣಿನ ನರ ಸೊರಗತೊಡಗಿತು. ಹೋದ ದೃಷ್ಟಿ ಮರಳುವುದಿಲ್ಲ ಎಂದರು ಡಾಕ್ಟರು. ನಾನು ಪತ್ರಿಕೆ ಓದಿ ಹೇಳಲು ಹೋದರೆ, "ಬ್ಯಾಡವಾ. ಇನ್ನೊಬ್ಬರು ಉಂಡ್ರ ನನ್ನ ಹೊಟ್ಟಿ ತುಂಬತದೇನು?" ಎಂದು ಕಳಿಸಿಬಿಟ್ಟರು.

ಅದಕ್ಕೇ ಅಣ್ಣ ಕಂಪ್ಯೂಟರ್ ಕಟ್ಟಿದ್ದು. ರೇಡಿಯೋ ಸಾಮಾನು ಮಾರುವ ಬುಧವಾರ ಪೇಟೆಯಿಂದ ಬಿಡಿಭಾಗಗಳನ್ನು ಆರಿಸಿ ತಂದು, ಬೆಸುಗೆ ಹಾಕಿ, ಮನೆಯ ಟಿವಿಗೆ ಜೋಡಿಸಿದರು. ಪರದೆಯ ಮೇಲೆ ಅಂಗೈಯಗಲದ ಕನ್ನಡ ಅಕ್ಷರ. ಅಣ್ಣ ಪತ್ರಿಕೆಯ ಸುದ್ದಿಯನ್ನು ಕೀಲಿಗಳಲ್ಲಿ ಒತ್ತಿದಂತೆಲ್ಲ ಅವ್ವ ಕೂಡಿಸಿ ಕೂಡಿಸಿ ಓದುತ್ತ, ಪುಢಾರಿಗಳನ್ನು ಬಯ್ಯುತ್ತ ಕೂತಿರುತ್ತಿದ್ದರು. ಆ ಮನೆಯಲ್ಲಿ ನಗು ಕೇಳಿದ್ದು ಆ ಮಳೆಗಾಲದಲ್ಲಿ ಮಾತ್ರ.

ಖಂಡೇನವಮಿಯ ಆಯುಧಪೂಜೆಯಂದು ಅಣ್ಣ ಸ್ನಾನಕ್ಕೆ ಹೋಗಿದ್ದಾಗ ಅವ್ವ ಸುತ್ತಿಗೆ, ಇಕ್ಕಳಗಳ ಜೊತೆ ಕಂಪ್ಯೂಟರಿಗೂ ನೀರಲ್ಲಿ ತೋಯಿಸಿದ ವಿಭೂತಿ ಬಳಿದು ಹೂವಿಟ್ಟರು. ಮುಚ್ಚಳ ತೆಗೆದಿಟ್ಟ ಪೆಟ್ಟಿಗೆ, ಮಬ್ಬುಗಣ್ಣು. ಮರುದಿನ ಪರದೆ ಹತ್ತಲಿಲ್ಲ.

ಅಣ್ಣನ ಪದ್ಧತಿ ಒಂದೇ: ಒಂದು ಸಲಕ್ಕೆ ಒಂದೇ ಭಾಗ ಬದಲಿಸಬೇಕು, ಬೇರೇನನ್ನೂ ಮುಟ್ಟಬಾರದು. "ಎರಡ ಬದಲಿ ಮಾಡಿದ್ರ ಯಾವುದು ಕೆಟ್ಟಿತ್ತು ಗೊತ್ತಾಗೂದಿಲ್ಲ." ಆದರೆ ಪೇಟೆಯಿಂದ ತಂದ ಹೊಸ ಚಿಪ್ಪೇ ಖೊಟ್ಟಿಯಾಗಿದ್ದರೆ? ಆ ಅನುಮಾನದಲ್ಲೇ ತಿಂಗಳುಗಳು ಕಳೆದವು. ಟ್ರಾನ್ಸ್‌ಫಾರ್ಮರು, ಮೆಮೊರಿ, ವೈರು ಎಲ್ಲ ಬದಲಾದವು. ಸಂಜೆ ಅವ್ವ ಟಿವಿಯ ಮುಂದೆ ಮಣೆ ಹಾಕಿಕೊಂಡು ಕೂತು, "ಹತ್ತಿತೇನಪಾ?" ಎನ್ನುವರು. ಚಳಿಗಾಲ ಮುಗಿಯುವಷ್ಟರಲ್ಲಿ ಚಹಾದ ಕಪ್ಪನ್ನೂ ತಡವಿ ಹುಡುಕುತ್ತಿದ್ದರು. ಒಮ್ಮೆ ನಡುಮಧ್ಯಾಹ್ನ, "ದೀಪಾ ಹಚ್ಚವಾ," ಎಂದರು. ಅಣ್ಣ ನನ್ನ ಮುಖ ನೋಡಿದರು. ನನಗೆ ಅಳು ಬಂತು.

ಯುಗಾದಿಯ ಆಸುಪಾಸಿನಲ್ಲಿ ನಾನು ಮೇಲೆ ಹೋದಾಗ ಅವರು ಎಲ್ಲಕ್ಕಿಂತ ದೊಡ್ಡ ಚಿಪ್ಪನ್ನು ಗೂಡಿನಿಂದ ಎತ್ತಿದ್ದರು. ಅದರ ಕೆಳಗೆ ಒಣಗಿದ ವಿಭೂತಿ, ಚಿಪ್ಪಿನ ಕಿಲುಬು ಹಿಡಿದ ತಂತಿಗಾಲುಗಳು.

"ಏನರೆ ಸಿಕ್ತೇನಪಾ?" ಎಂದರು ಅವ್ವ.

"ಧೂಳವ್ವಾ," ಎಂದರು ಅಣ್ಣ. ಸ್ಪಿರಿಟ್ಟಿನಲ್ಲಿ ಒರೆಸಿ, ಬೇರೆ ಚಿಪ್ಪು ಕೂರಿಸಿ, ಸ್ವಿಚ್ಚು ಹಾಕಿದರು.

ಪರದೆ ಹತ್ತಿತು. ಅಣ್ಣ "ಅವ್ವ" ಎಂದು ಒತ್ತಿದರು. ಬೆಳ್ಳಗೆ, ಪರದೆ ತುಂಬ ಬಂತು. ಅವ್ವ ಅದರೆದುರಿಗೇ ಕೂತಿದ್ದರು.

"ಹತ್ತಿತೇನಪಾ?"

ಅಣ್ಣ ಕೀಲಿಗಳ ಮೇಲಿಂದ ಕೈ ತೆಗೆದರು. "ಇಲ್ಲವ್ವಾ. ಇನ್ನೂ ಹತ್ತಿಲ್ಲ."

"ತಂಗಿ, ನೀ ಹೇಳವಾ."

"ಇಲ್ರಿ ಅವ್ವಾರ, ಕತ್ತಲನ ಅದ," ಎಂದೆ.

"ಹಂಗಾರ ಮತ್ತ ಹುಡುಕಪಾ. ಅದು ಹತ್ತಿದ್ರ ನನಗ ಕಾಣತದ."

ಅವ್ವ ಇರುವವರೆಗೂ ಅಣ್ಣ ಹುಡುಕಿದರು. ಕಾರ್ಖಾನೆಯಿಂದ ಬಂದು, ಯಾವ ಭಾಗವೂ ಕೆಡದ ಯಂತ್ರವನ್ನು ಬಿಚ್ಚಿ, ಅವ್ವನಿಗೆ ಕೇಳಿಸುವಂತೆ ಒಂದೊಂದೇ ಚಿಪ್ಪು ಕಳಚಿ ಮತ್ತೆ ಕೂರಿಸುವರು. ನಾಳೆ ಹತ್ತುತ್ತದೆ ಎನ್ನುತ್ತಲೇ ಅವ್ವ ಹೋದರು.

ಕೆಲವು ವರ್ಷಗಳಲ್ಲಿ ಅಣ್ಣನೂ ಆಸ್ಪತ್ರೆ ಸೇರಿದರು. ಇನ್ನು ಮಾಡುವುದೇನೂ ಉಳಿದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ನಾನು ಒಳಗೆ ಬಂದಾಗ ಅಣ್ಣ ಕೇಳಿದರು, "ಡಾಕ್ಟರ್ ಏನಂದ್ರು ತಂಗಿ? ಯಾವ ಭಾಗ ಕೆಟ್ಟದಂತ?"

"ಇನ್ನೂ ಹುಡುಕಾಕತ್ತಾರಣ್ಣಾ," ಎಂದೆ.

ಅವರೇ ಕಲಿಸಿದ ಸುಳ್ಳು, ಅವರಿಗೆ ಗುರುತು ಸಿಗದೇ ಇರುತ್ತದೆಯೇ? ಬೆರಳಿನ ಬೆನ್ನಿನಿಂದ ನನ್ನ ಕೈ ಮುಟ್ಟಿ, ಕಣ್ಣು ಮುಚ್ಚಿಕೊಂಡು, "ಹುಡುಕಲಿ ಬಿಡು," ಎಂದರು.